ಮಗಳ ತಳಮಳ: ಹೆಸರಿಡುವ ಮುನ್ನ

ಪ್ರಶ್ನೆ: ಗೆಳತಿ ಮೆಸೇಜಿಗೆ ಉತ್ತರಿಸಲು ತಡಮಾಡಿದರೂ ನನ್ನ 16 ವರ್ಷದ ಮಗಳು ‘ಎಲ್ಲರೂ ನನ್ನನ್ನು ಬಿಟ್ಟುಹೋಗುತ್ತಾರೆ’ ಎಂದು ಬಾಗಿಲು ಹಾಕಿಕೊಂಡು ಅಳುತ್ತಾಳೆ, ಮುಂಗೈಯಲ್ಲಿ ಗೀರಿಕೊಂಡ ಗುರುತುಗಳನ್ನೂ ಕಂಡೆ. ಇದು ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷವೇ?

ಉತ್ತರ: ಬಾರ್ಡರ್‌ಲೈನ್ ಎಂದರೆ ಭಾವನೆಗಳೂ ಸಂಬಂಧಗಳೂ ತೀವ್ರವಾಗಿ ಏರುಪೇರಾಗುವ ಮಾನಸಿಕ ಕಾಯಿಲೆ. ಪತ್ರ ಓದಿ ಹೆಸರಿಡಬಹುದಾದ ಕಾಯಿಲೆ ಇದಲ್ಲ, 18 ತುಂಬದವರಲ್ಲಿ ಇಂಥ ಲಕ್ಷಣಗಳು ಕನಿಷ್ಠ 1 ವರ್ಷ ಬಿಡದೆ ಉಳಿದಾಗಲಷ್ಟೇ ಮನೋವೈದ್ಯರು ಆ ನಿರ್ಣಯಕ್ಕೆ ಬರುತ್ತಾರೆ. ಆದರೆ ಗೀರಿಕೊಳ್ಳುವುದನ್ನು ಕಂಡ ಮೇಲೆ ಕಾಯುವಂತಿಲ್ಲ. ಈ ವಾರವೇ ಮನೋವೈದ್ಯರಿಗೆ ತೋರಿಸಿ, ಬ್ಲೇಡು, ಮಾತ್ರೆಗಳು ಕೈಗೆ ಸಿಗದಂತಿಡಿ, ಸಾಯುವ ಮಾತಾಡಿದರೆ ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ, ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಚಿಕಿತ್ಸೆಯನ್ನು ಹದಿಹರೆಯದವರಿಗೂ ಹೊಂದಿಸಲಾಗಿದ್ದು, ಅಲ್ಲಿ ತಂದೆತಾಯಿಯರೂ ಮಕ್ಕಳೊಂದಿಗೆ ಕಲಿಯುತ್ತಾರೆ. ಮನೆಯ ನಿಯಮಗಳನ್ನು ಸಡಿಲಿಸಬೇಕಿಲ್ಲ, ಅವಳು ಅಳುವಾಗ ಮಾತ್ರ, ‘ಇಷ್ಟಕ್ಕೆಲ್ಲ ಅಳುತ್ತಾರೆಯೇ’ ಎನ್ನದೆ, ‘ನಿನಗೆ ತುಂಬ ನೋವಾಗಿದೆ, ನಾನು ಇಲ್ಲೇ ಇದ್ದೇನೆ’ ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ.