ಮುಖ ಮುಚ್ಚಿರುವ ಕೆಂಪು ಶಾಲು

ಅಮೆರಿಕದ ಚಿತ್ರಕಾರ ವಿನ್ಸ್‌ಲೋ ಹೋಮರ್‌ನ ‘ದಿ ಲೈಫ್ ಲೈನ್’ (1884) ಚಿತ್ರದಲ್ಲಿ, ಅಪಾಯಕ್ಕೆ ಸಿಕ್ಕ ಹಡಗಿನಿಂದ ಒಬ್ಬ ಹೆಂಗಸನ್ನು ಹಗ್ಗದ ಮೇಲೆ ದಡಕ್ಕೆ ತಂದು ಕಾಪಾಡುವವನ ಮುಖವನ್ನೇ ಶಾಲು ಯಾಕೆ ಮುಚ್ಚಿದೆ, ಅದು ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ, ಬೇಕಂತಲೇ ಮಾಡಿದ್ದು. ಹೋಮರ್ ಮೊದಲು ಅವನ ಮುಖ ಕಾಣುವ ಹಾಗೇ ಬರೆದಿದ್ದ, ಆಮೇಲೆ ಅದರ ಮೇಲೆ ಶಾಲು ಹಾರಿಸಿದ. ಮುಖ ಕಂಡಿದ್ದರೆ ನಾವು ಅವನನ್ನೇ ನೋಡುತ್ತಾ ಕೂರುತ್ತಿದ್ದೆವು ಅಲ್ವಾ? ಈಗ ಕಣ್ಣು ಹೋಗುವುದು ಪ್ರಜ್ಞೆ ತಪ್ಪಿದ ಆ ಹೆಂಗಸಿನ ಕಡೆಗೆ, ಅವಳ ಒದ್ದೆ ಬಟ್ಟೆಯ ಕಡೆಗೆ, ಮತ್ತೆ ಇಬ್ಬರ ಭಾರವನ್ನೂ ಹೊತ್ತು ಜಗ್ಗಿರುವ ಆ ಹಗ್ಗದ ಕಡೆಗೆ. ನನಗಂತೂ ಚಿತ್ರದ ನಾಯಕ ಆ ಹಗ್ಗವೇ ಅನಿಸುತ್ತದೆ.

ಅವರು ಕೂತಿರುವ ಸಾಧನದ ಹೆಸರು ಬ್ರೀಚಸ್ ಬಾಯ್ (breeches buoy). ದಡದಿಂದ ಸಣ್ಣ ಫಿರಂಗಿಯಲ್ಲಿ ದಾರವನ್ನು ಹಡಗಿಗೆ ಹಾರಿಸಿ, ಅದರ ಹಿಂದೆಯೇ ದಪ್ಪ ಹಗ್ಗ ಎಳೆದು ಕಟ್ಟುತ್ತಿದ್ದರು. ಚಡ್ಡಿಯ ಹಾಗೆ ಕ್ಯಾನ್ವಾಸ್ ಹೊಲಿದ ತೇಲುವ ಬಳೆ ರಾಟೆಯಿಂದ ತೂಗಿಕೊಂಡು ಆ ಹಗ್ಗದ ಮೇಲೆ ಓಡಾಡುತ್ತಿತ್ತು. ಹೋಮರ್ ಇದನ್ನು ಅಮೆರಿಕದ ಕರಾವಳಿ ಊರು ಅಟ್ಲಾಂಟಿಕ್ ಸಿಟಿಯಲ್ಲಿ ಕಣ್ಣಾರೆ ನೋಡಿದ್ದ.

ಚಿತ್ರ ಫಿಲಡೆಲ್ಫಿಯಾದ ಕಲಾ ಮ್ಯೂಸಿಯಂನಲ್ಲಿದೆ. ದೊಡ್ಡ ಫೋಟೋ ಸಿಕ್ಕರೆ ಎಡಗಡೆ ಮೇಲಿನ ಮೂಲೆ ನೋಡಿ, ಹಡಗಿನ ಹರಿದ ಹಾಯಿ ಅಲ್ಲಿ ಸ್ವಲ್ಪ ಮಾತ್ರ ಕಾಣುತ್ತದೆ.