ಲಾರ್ಡ್ ಪಟ್ಟ ಬೇಡವೆಂದವರ ಕ್ಷೇತ್ರ

ಓದುಗರ ಪತ್ರ: ‘ನಮ್ಮಲ್ಲಿ ಚುನಾವಣೆಯಲ್ಲಿ ಸೋತವರು ವಿಧಾನ ಪರಿಷತ್ತಿನ ಹಿಂಬಾಗಿಲಿಂದ ಬಂದು ಮಂತ್ರಿಯಾಗುತ್ತಾರೆ. ಮೇಲ್ಮನೆ ಸೀಟು ತಾನಾಗೇ ಸಿಕ್ಕರೂ ಬೇಡ, ಜನರ ಮುಂದೆಯೇ ನಿಲ್ಲುತ್ತೇನೆ ಎಂದವರು ಎಲ್ಲಾದರೂ ಇದ್ದಾರಾ? ಬ್ರಿಟನ್ನಿನ ಪ್ರಜಾಪ್ರಭುತ್ವವನ್ನು ಬಾಯ್ತುಂಬ ಹೊಗಳುತ್ತೀರಲ್ಲ, ಅಲ್ಲಿಯದೇ ಒಂದು ಉದಾಹರಣೆ ಕೊಡಿ.’ – ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ: ಇದ್ದಾರೆ. ಹೆಸರು ಟೋನಿ ಬೆನ್. ಕ್ಷೇತ್ರ ಬ್ರಿಸ್ಟಲ್ ಸೌತ್ ಈಸ್ಟ್. ಆದರೆ ಈ ಕಥೆ ಕೇಳಿದ ಮೇಲೆ ಬ್ರಿಟನ್ನಿನ ಬಗ್ಗೆ ನಿಮ್ಮ ಗೌರವ ಜಾಸ್ತಿಯಾಗುತ್ತದೋ ಕಡಿಮೆಯಾಗುತ್ತದೋ ಹೇಳಲಾರೆ.

ಈ ಕ್ಷೇತ್ರದ ಹಿಂದಿನ ಸಂಸದರು ನಮಗೆ ಪರಿಚಯದವರೇ. 1942ರಲ್ಲಿ ಸಂಧಾನಕ್ಕೆಂದು ದೆಹಲಿಗೆ ಬಂದು ಬರಿಗೈಲಿ ವಾಪಸಾದ ಸ್ಟಾಫರ್ಡ್ ಕ್ರಿಪ್ಸ್. ಅವರು ಪಕ್ಕದ ಬ್ರಿಸ್ಟಲ್ ಈಸ್ಟ್‌ನಿಂದ 1931ರ ಶುರುವಿನಲ್ಲಿ ಗೆದ್ದಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಲೇಬರ್ ಪಕ್ಷ ದೇಶದಲ್ಲೆಲ್ಲ ನೆಲ ಕಚ್ಚಿದಾಗಲೂ ಕ್ರಿಪ್ಸ್ ಬರೀ 429 ಮತಗಳಿಂದ ಉಳಿದುಕೊಂಡರು. 1950ರಲ್ಲಿ ಗಡಿಗಳು ಬದಲಾಗಿ ಸೌತ್ ಈಸ್ಟ್ ಹುಟ್ಟಿತು. ಅದೇ ವರ್ಷ ಆರೋಗ್ಯ ಕೆಟ್ಟು ಕ್ರಿಪ್ಸ್ ರಾಜೀನಾಮೆ ಕೊಟ್ಟರು, ನವೆಂಬರಿನ ಉಪಚುನಾವಣೆಯಲ್ಲಿ ಅದೇ ಲೇಬರ್ ಪಕ್ಷದ 25 ವರ್ಷದ ಬೆನ್ ಗೆದ್ದರು.

ಬೆನ್ ಅವರ ತಂದೆ ವಿಲಿಯಂ ವೆಜ್‌ವುಡ್ ಬೆನ್ ಕೂಡ ನಮಗೆ ಬೇಕಾದವರು, 1929ರಿಂದ 31ರವರೆಗೆ ಭಾರತ ವ್ಯವಹಾರಗಳ ಮಂತ್ರಿಯಾಗಿದ್ದವರು. ಮೇಲ್ಮನೆಯಲ್ಲಿ ಲೇಬರ್ ಬಲ ಹೆಚ್ಚಿಸಲೆಂದು 1942ರಲ್ಲಿ ಅವರನ್ನು ವೈಕೌಂಟ್ ಸ್ಟಾನ್ಸ್‌ಗೇಟ್ ಮಾಡಿದರು. ಅದು ವಂಶಪಾರಂಪರ್ಯದ ಪಟ್ಟ. ದೊಡ್ಡ ಮಗ ಮೈಕೇಲ್ ಪಾದ್ರಿಯಾಗಬೇಕು ಎಂದುಕೊಂಡಿದ್ದವರು, ಅವರಿಗೆ ಇದರಿಂದ ತೊಂದರೆ ಇರಲಿಲ್ಲ. ಆದರೆ ಅವರು 1944ರಲ್ಲಿ, ವಾಯುಪಡೆಯಲ್ಲಿದ್ದಾಗ ತೀರಿಕೊಂಡರು. ಪಟ್ಟದ ಸರದಿ ಟೋನಿಗೆ ಬಂತು. ಅಪ್ಪ ಸತ್ತ ಗಳಿಗೆಯಿಂದ ಮಗ ಲಾರ್ಡ್, ಅಂದರೆ ಮೇಲ್ಮನೆಯವನು. ಲಾರ್ಡ್ ಆದವನು ಜನ ಆರಿಸುವ ಕೆಳಮನೆ ಕಾಮನ್ಸ್‌ನಲ್ಲಿ ಕೂರುವ ಹಾಗಿರಲಿಲ್ಲ. ‘ನನಗೆ ಬೇಡ’ ಎನ್ನುವ ಹಕ್ಕೇ ಕಾನೂನಿನಲ್ಲಿ ಇರಲಿಲ್ಲ!

ಬೆನ್ 1955ರಲ್ಲೇ ಪಟ್ಟ ಬಿಡಲು ಒಂದು ಮಸೂದೆ ತಂದು ನೋಡಿದರು, ಲಾರ್ಡ್‌ಗಳು ಒಪ್ಪಲಿಲ್ಲ. 1960ರ ನವೆಂಬರಿನಲ್ಲಿ ತಂದೆ ತೀರಿಕೊಂಡರು. ಸೀಟು ಖಾಲಿ ಎಂದು ಉಪಚುನಾವಣೆ ಘೋಷಣೆಯಾಯಿತು. ಬೆನ್ ಅದೇ ಕ್ಷೇತ್ರದಲ್ಲಿ ಮತ್ತೆ ನಿಂತುಬಿಟ್ಟರು. ಗೆದ್ದರೂ ಒಳಗೆ ಬಿಡುವುದಿಲ್ಲ ಎಂದು ಗೊತ್ತಿದ್ದೇ ನಿಂತದ್ದು. ಅವರ ಪರ ಪತ್ರ ಬರೆದುಕೊಟ್ಟವರು ಯಾರು ಗೊತ್ತಾ, ಎದುರು ಪಕ್ಷದ ಚರ್ಚಿಲ್! ಬೆನ್ ಅನರ್ಹರು, ಅವರಿಗೆ ಹಾಕಿದ ಮತ ನೀರಿಗೆ ಹಾಕಿದ ಹಾಗೆ ಎಂದು ಟೋರಿಗಳು (ಕನ್ಸರ್ವೇಟಿವ್ ಪಕ್ಷದವರು) ಮತಗಟ್ಟೆಗಳ ಬಳಿ ನೋಟಿಸ್ ಅಂಟಿಸಿದರು.

1961ರ ಮೇ 4ರಂದು ಮತದಾನ. ಬೆನ್‌ಗೆ 23,275, ಟೋರಿ ಅಭ್ಯರ್ಥಿ ಮಾಲ್ಕಮ್ ಸೇಂಟ್ ಕ್ಲೇರ್‌ಗೆ 10,231. ಜನ ಕಾನೂನಿಗೆ ಸೆಡ್ಡು ಹೊಡೆದು ಬೆನ್ ಕಡೆ ಮುಗಿಬಿದ್ದರು ಎಂದೇ ಸಾಮಾನ್ಯವಾಗಿ ಬರೆಯುತ್ತಾರೆ. ಅಂಕಿ ಸ್ವಲ್ಪ ಬೇರೆ ಮಾತು ಹೇಳುತ್ತದೆ. 1959ರಲ್ಲಿ ಇದೇ ಇಬ್ಬರು ಎದುರಾಗಿದ್ದಾಗ ಬೆನ್‌ಗೆ 26,273 ಮತ, ಸೇಂಟ್ ಕ್ಲೇರ್‌ಗೆ 20,446. ಅಂದರೆ ಬೆನ್ ಮತ ಮೂರು ಸಾವಿರದಷ್ಟು ಇಳಿದಿದೆ, ಸೇಂಟ್ ಕ್ಲೇರ್ ಮತ ಅರ್ಧಕ್ಕೆ ಅರ್ಧ ಹೋಗಿದೆ. ಗೆಲುವಿನ ಅಂತರ 5,827ರಿಂದ 13,044ಕ್ಕೆ ಹಿಗ್ಗಿದ್ದು ಹೀಗೆ. ನನಗನ್ನಿಸುವುದು, ಆ ಚುನಾವಣೆಯಲ್ಲಿ ಜೋರಾಗಿ ಮಾತಾಡಿದವರು ಮನೆಯಲ್ಲೇ ಉಳಿದ ಟೋರಿ ಮತದಾರರು. ತಮ್ಮ ಪಕ್ಷ ಇಂಥ ದಾರಿಯಲ್ಲಿ ಸೀಟು ಗಿಟ್ಟಿಸುವುದು ಅವರಿಗೂ ಹಿಡಿಸಿರಲಿಕ್ಕಿಲ್ಲ.

ಗೆದ್ದ ಬೆನ್ ಅವರನ್ನು ಸದನದ ಬಾಗಿಲಲ್ಲೇ ತಡೆದರು. ವಿಷಯ ಚುನಾವಣಾ ನ್ಯಾಯಾಲಯಕ್ಕೆ ಹೋಯಿತು, ಬೆನ್ ತಮ್ಮ ವಾದವನ್ನು ತಾವೇ ದಿನಗಟ್ಟಲೆ ಮಂಡಿಸಿದರು, ಆದರೆ ಜುಲೈ ಕೊನೆಗೆ ಇಬ್ಬರು ನ್ಯಾಯಾಧೀಶರು ಸೀಟನ್ನು ಸೇಂಟ್ ಕ್ಲೇರ್‌ಗೆ ಕೊಟ್ಟರು. ಮತದಾರರಿಗೆ ಅನರ್ಹತೆ ಗೊತ್ತಿತ್ತು, ಗೊತ್ತಿದ್ದೂ ಹಾಕಿದ ಮತ ಲೆಕ್ಕಕ್ಕಿಲ್ಲ ಎಂಬುದು ತರ್ಕ. ‘ಇದೆಲ್ಲ ಇಂಗ್ಲೆಂಡಿನ ವಿಚಿತ್ರ’ ಎಂದುಕೊಳ್ಳಬೇಡಿ, ನಮ್ಮ ಯಾದಗಿರಿಯಲ್ಲೇ ಆಗಿದೆ. 1967ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಗೆದ್ದವರಿಗೆ ಸರ್ಕಾರದ ಜೊತೆ ಗುತ್ತಿಗೆ ಇತ್ತೆಂದು ಸುಪ್ರೀಂ ಕೋರ್ಟ್ ಅವರನ್ನು ಅನರ್ಹಗೊಳಿಸಿ, ಸೋತ ಏಕೈಕ ಎದುರಾಳಿಯನ್ನೇ ಶಾಸಕರೆಂದು ಘೋಷಿಸಿತು.

ಇನ್ನೊಂದು ತಮಾಷೆ ಎಂದರೆ ಸೇಂಟ್ ಕ್ಲೇರ್ ಕೂಡ ಒಬ್ಬ ಲಾರ್ಡ್‌ಗೆ ವಾರಸುದಾರರು! ಆದರೂ ಮನುಷ್ಯ ಮಾತಿಗೆ ತಪ್ಪಲಿಲ್ಲ. ಕಾನೂನು ಬದಲಾದರೆ ಸೀಟು ಬಿಡುತ್ತೇನೆ ಎಂದಿದ್ದರು, ಬಿಟ್ಟರು. ಪಟ್ಟ ಬಿಡಲು ಅವಕಾಶ ಕೊಡುವ ಪೀರೇಜ್ ಕಾಯ್ದೆ 1963ರ ಜುಲೈ 31ರ ಸಂಜೆ ಜಾರಿಗೆ ಬಂತು. 6 ಗಂಟೆ 22 ನಿಮಿಷಕ್ಕೆ ಬೆನ್ ಪಟ್ಟ ಬಿಟ್ಟಾಗಿತ್ತು. ಆಗಸ್ಟ್ 20ರ ಉಪಚುನಾವಣೆಗೆ ಟೋರಿಗಳೂ ಲಿಬರಲ್‌ಗಳೂ ಅಭ್ಯರ್ಥಿ ಹಾಕಲಿಲ್ಲ. ಬೆನ್ ಸುಲಭವಾಗಿ ಗೆದ್ದರು. ಅದೇ ಬೇಸಿಗೆಯಲ್ಲಿ ಬ್ರಿಸ್ಟಲ್‌ನ ಬಸ್ ಕಂಪನಿ ಕರಿಯರಿಗೆ, ಏಷ್ಯನ್ನರಿಗೆ ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್ ಕೆಲಸ ಕೊಡುವುದಿಲ್ಲ ಎಂದಿದ್ದಕ್ಕೆ ಊರಲ್ಲಿ ಬಹಿಷ್ಕಾರ ನಡೆದಿತ್ತು, ಬೆನ್ ಅದರ ಬೆನ್ನಿಗೆ ನಿಂತಿದ್ದರು. ಉಪಚುನಾವಣೆಯಾಗಿ ವಾರ ಕಳೆಯುವಷ್ಟರಲ್ಲಿ ಕಂಪನಿ ಮಣಿಯಿತು. ಮೊದಲು ಕೆಲಸಕ್ಕೆ ಸೇರಿದ ಕಂಡಕ್ಟರ್ ಒಬ್ಬ ಸಿಖ್.

ಹೊಸ ಕಾಯ್ದೆಯ ದೊಡ್ಡ ಲಾಭ ಆದದ್ದು ಮಾತ್ರ ಟೋರಿಗಳಿಗೆ. ಅಕ್ಟೋಬರಿನಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ಕೆಳಗಿಳಿದಾಗ ಲಾರ್ಡ್ ಹೋಮ್ ಅವರು ಪ್ರಧಾನಿಯಾಗಿ, ಕೆಲವೇ ದಿನಗಳಲ್ಲಿ ಬೆನ್ ತೆರೆಸಿದ ಬಾಗಿಲಿಂದಲೇ ಪಟ್ಟ ಕಳಚಿಟ್ಟರು. ಮೇಲ್ಮನೆ ಬಿಟ್ಟು, ಸ್ಕಾಟ್ಲೆಂಡಿನಲ್ಲಿ ಉಪಚುನಾವಣೆ ಗೆಲ್ಲುವವರೆಗಿನ ಎರಡು ವಾರ ಬ್ರಿಟನ್ನಿನ ಪ್ರಧಾನಿ ಯಾವ ಸದನದಲ್ಲೂ ಇರಲಿಲ್ಲ. ಯಾವ ಸದನದಲ್ಲೂ ಇಲ್ಲದವರು ಆರು ತಿಂಗಳು ಮಂತ್ರಿಯಾಗಿರಬಹುದು ಎಂಬ ನಮ್ಮ ನಿಯಮ ನೆನಪಾಯಿತು ಅಲ್ವಾ?

ಬೆನ್ ಮಂತ್ರಿಯಾದರು, ಎಡಕ್ಕೆ ಇನ್ನಷ್ಟು ಸರಿದರು, ಅಂತರ ಕರಗುತ್ತಾ ಬಂತು. 1983ರಲ್ಲಿ ಕ್ಷೇತ್ರ ಪುನರ್ವಿಂಗಡಣೆಯಾಗಿ ಸೌತ್ ಈಸ್ಟ್ ಮಾಯವಾಯಿತು. ಮತ್ತೆ ಹುಟ್ಟಿದ ಬ್ರಿಸ್ಟಲ್ ಈಸ್ಟ್‌ನಲ್ಲಿ ನಿಂತು ಬೆನ್ ಸೋತರು. ಸಂಸದರಲ್ಲದ ಕಾರಣ ಆ ವರ್ಷ ಲೇಬರ್ ನಾಯಕತ್ವಕ್ಕೆ ಸ್ಪರ್ಧಿಸುವ ಹಾಗೂ ಇರಲಿಲ್ಲ. ಮರುವರ್ಷ ಚೆಸ್ಟರ್‌ಫೀಲ್ಡ್‌ನಿಂದ ವಾಪಸು ಬಂದು 2001ರವರೆಗೆ ಇದ್ದರು.

ಪಟ್ಟದ ಕಥೆ ಏನಾಯಿತು ಎಂದು ಕೇಳುತ್ತೀರಿ. ಆ ಕಾಯ್ದೆಯ ಪ್ರಕಾರ ಪಟ್ಟ ಬಿಡುವುದು ಬಿಟ್ಟವರ ಜೀವಮಾನಕ್ಕೆ ಮಾತ್ರ. 2014ರಲ್ಲಿ ಬೆನ್ ತೀರಿಕೊಂಡಾಗ ಅದು ದೊಡ್ಡ ಮಗ ಸ್ಟೀಫನ್‌ಗೆ ಹೋಯಿತು. ಅವರು ಬೇಡ ಎನ್ನಲಿಲ್ಲ. 1999ರ ಸುಧಾರಣೆಯ ನಂತರ ವಂಶದ ಲಾರ್ಡ್‌ಗಳಿಗೆ ಉಳಿಸಿದ್ದ 92 ಸೀಟುಗಳಲ್ಲಿ ಒಂದು ಖಾಲಿಯಾದಾಗ, 2021ರಲ್ಲಿ, ಅವರು ಮೇಲ್ಮನೆ ಸೇರಿದರು. ಅದಕ್ಕೂ ಉಪಚುನಾವಣೆ ಎಂದೇ ಹೆಸರಿತ್ತು, ಆದರೆ ಕಣದಲ್ಲಿ ಅವರೊಬ್ಬರೇ ಇದ್ದರು.