ಏನು ಬೇಕೆಂದು ಕೇಳಿದರೆ ಜೀಪು ಬೇಕು ಎನ್ನುತ್ತಾರೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಮಾನವ ಕಳ್ಳಸಾಗಣೆಯಿಂದ ಪಾರಾದವರಿಗಾಗಿ ಕೆಲಸ ಮಾಡುವ ಸಂಸ್ಥೆಗಳ ಕೊರತೆ, ಅಗತ್ಯಗಳನ್ನು ಅಳೆಯುವುದು ಹೇಗೆ ಎಂಬ ಬಗ್ಗೆ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳು ಈ ಸಂಚಿಕೆಯಲ್ಲಿವೆ.

ಪ್ರಶ್ನೆ: ಜಿಲ್ಲೆಯ ಕಚೇರಿ, ಸಂಸ್ಥೆಗಳಿಗೆಲ್ಲ ಉದ್ದನೆಯ ನಮೂನೆ ಕಳಿಸಿ ‘ನಿಮ್ಮ ಅಗತ್ಯಗಳೇನು’ ಎಂದು ಕೇಳಿದೆವು. ವಾಹನ, ಸಿಬ್ಬಂದಿ, ಅನುದಾನ, ತರಬೇತಿ ಎಂದು ಎಲ್ಲರೂ ಅದನ್ನೇ ಬರೆದು ಕಳಿಸಿದ್ದಾರೆ. ಇದನ್ನೇ ಒಟ್ಟು ಮಾಡಿ ವರದಿ ಕೊಟ್ಟರೆ ಸಾಕೆ?
ಸಂಸ್ಥೆಯೊಂದರ ಸಂಯೋಜಕಿ, ಚಿತ್ರದುರ್ಗ

ಉತ್ತರ: ಸಾಲದು. ನಮೂನೆ ಕೈಗೆ ಬಂದರೆ ಯಾವ ಕಚೇರಿಯಾದರೂ ಮುಂದಿನ ವರ್ಷದ ಬಜೆಟ್ಟನ್ನೇ ಬರೆಯುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ವಾಹನ ನಿಜವಾಗಿಯೂ ಇರಲಿಕ್ಕಿಲ್ಲ. ಆದರೆ ರಕ್ಷಿಸಿದ ಹುಡುಗಿ ರಾತ್ರಿಯೆಲ್ಲ ಠಾಣೆಯ ಬೆಂಚಿನ ಮೇಲೆ ಕೂತದ್ದು ವಾಹನ ಇಲ್ಲದ್ದಕ್ಕೋ, ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿಲ್ಲದ್ದಕ್ಕೋ ಎಂಬುದು ಆ ನಮೂನೆಯಿಂದ ತಿಳಿಯುವುದಿಲ್ಲ.

ಮುಗಿದುಹೋದ ಐದಾರು ಪ್ರಕರಣಗಳನ್ನು ಆರಿಸಿಕೊಳ್ಳಿ. ಹೆಸರು, ಊರು ತೆಗೆದುಹಾಕಿ ‘ಪ್ರಕರಣ 1’, ‘ಪ್ರಕರಣ 2’ ಎಂದು ಕರೆಯಿರಿ. ಒಂದರಲ್ಲಿ ಮಗು, ಒಂದರಲ್ಲಿ ಹೊರರಾಜ್ಯದ ಹೆಂಗಸು, ಒಂದರಲ್ಲಿ ಕುಟುಂಬ ಸಮೇತ ದುಡಿಸಿಕೊಂಡವರು ಇರಲಿ. ಠಾಣೆ, ಮಕ್ಕಳ ಕಲ್ಯಾಣ ಸಮಿತಿ, ಸಖಿ ಕೇಂದ್ರ (ನೊಂದ ಹೆಂಗಸರಿಗೆ ಒಂದೇ ಕಡೆ ನೆರವು ಕೊಡುವ ಕೇಂದ್ರ), ಆಸ್ಪತ್ರೆ, ವಸತಿಗೃಹ, ಕಾನೂನು ಸೇವಾ ಪ್ರಾಧಿಕಾರ ಹೀಗೆ ಆ ಪ್ರಕರಣವನ್ನು ಮುಟ್ಟಿದ ಎಲ್ಲರನ್ನೂ ಅರ್ಧ ದಿನ ಒಂದೇ ಮೇಜಿಗೆ ಕೂರಿಸಿ. ಹಿರಿಯ ಅಧಿಕಾರಿಗಳಿಗಿಂತ ಆ ದಿನ ಡ್ಯೂಟಿಯಲ್ಲಿದ್ದವರೇ ಬರಲಿ. ದೊಡ್ಡ ಹಾಳೆ ಹರಡಿ ಐದು ಕಲಂ ಎಳೆಯಿರಿ: ಸಮಯ, ವ್ಯಕ್ತಿ ಯಾರ ವಶದಲ್ಲಿದ್ದರು, ಯಾವ ಕಾಗದ ಆಯಿತು, ಯಾರಿಗಾಗಿ ಕಾದರು, ಖರ್ಚು ಯಾರ ಜೇಬಿನಿಂದ ಹೋಯಿತು. ಕೊನೆಯ ಕಲಂ ತುಂಬುವಾಗ ಕೋಣೆಯಲ್ಲಿ ಮಾತು ಜೋರಾಗುತ್ತದೆ. ಊಟ, ನೈಟಿ, ಸ್ಯಾನಿಟರಿ ಪ್ಯಾಡ್, ಆಟೊ ಬಾಡಿಗೆ ಎಲ್ಲ ಯಾವುದೋ ಸಿಬ್ಬಂದಿಯ ಸ್ವಂತ ದುಡ್ಡು. ಹಾಗಿದ್ದರೆ ಅಲ್ಲಿ ಬೇಕಾದದ್ದು ರಸೀದಿ ತೋರಿಸಿ ಆ ವಾರವೇ ವಾಪಸ್ ಪಡೆಯಬಹುದಾದ ಸಣ್ಣ ತುರ್ತು ನಿಧಿ. ಅದಕ್ಕೆ ಜೀಪಿನಷ್ಟು ದುಡ್ಡು ಬೇಕಿಲ್ಲ.

ಸಾಮಾನ್ಯವಾಗಿ ಸರಪಳಿ ಎಲ್ಲಿ ಕಡಿಯುತ್ತದೆ ಎಂಬುದನ್ನೂ ಹೇಳುತ್ತೇವೆ, ಹಾಳೆಯಲ್ಲಿ ಅಲ್ಲಿ ಕಣ್ಣಿಡಿ.

ಮೊದಲ ರಾತ್ರಿ. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಸೇರಿರದಿದ್ದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಲು 2015ರ ಬಾಲನ್ಯಾಯ ಕಾಯ್ದೆಯಲ್ಲೇ ಅವಕಾಶವಿದೆ. ಇದು ಗೊತ್ತಿಲ್ಲದ ಠಾಣೆ ‘ಬೆಳಿಗ್ಗೆ ಸಮಿತಿ ಕೂರಲಿ’ ಎಂದು ಕಾಯುತ್ತದೆ. ಕೊರತೆ ಇರುವುದು ಸದಸ್ಯರ ರಾತ್ರಿ ಪಾಳಿ ಪಟ್ಟಿ ಮತ್ತು ಫೋನ್ ನಂಬರುಗಳದ್ದು.

ಆರನೇ ದಿನ. ಸಖಿ ಒನ್ ಸ್ಟಾಪ್ ಕೇಂದ್ರದಲ್ಲಿ ತಾತ್ಕಾಲಿಕ ವಾಸ ಐದು ದಿನಗಳವರೆಗೆ ಮಾತ್ರ. ಆಮೇಲೆ ಹೆಂಗಸರ ವಸತಿಗೃಹವಾದ ಶಕ್ತಿ ಸದನ. ಹಳೆಯ ಉಜ್ವಲಾ ಮತ್ತು ಸ್ವಾಧಾರ ಗೃಹಗಳನ್ನು ಕೇಂದ್ರದ ಮಿಷನ್ ಶಕ್ತಿ ಯೋಜನೆಯಡಿ ಸೇರಿಸಿ ಮಾಡಿದ ವ್ಯವಸ್ಥೆ ಇದು. ತಾಯಿಯ ಜೊತೆ ಇರಬಹುದಾದ ಗಂಡುಮಕ್ಕಳಿಗೆ ಅಲ್ಲಿ ವಯಸ್ಸಿನ ಮಿತಿ ಇದೆ. ಮಗನನ್ನು ಬಿಟ್ಟು ಒಳಗೆ ಬರಲು ಒಪ್ಪದ ತಾಯಿ ವಾಪಸ್ ಹೋದಳು ಎಂಬ ಸಾಲು ಕಡತದಲ್ಲಿ ‘ಸ್ವಇಚ್ಛೆಯಿಂದ ತೆರಳಿದರು’ ಎಂದಾಗಿರುತ್ತದೆ. ಆ ಪದ ಕಂಡಲ್ಲೆಲ್ಲ ನಿಂತು ವಿಚಾರಿಸಿ.

ಭಾಷೆ. ಮೊಳಕಾಲ್ಮುರು, ಚಳ್ಳಕೆರೆ ಕಡೆ ತೆಲುಗು ಬಲ್ಲವರು ಸಿಗುತ್ತಾರೆ, ತಾಂಡಾಗಳಲ್ಲಿ ಲಂಬಾಣಿ ಬಲ್ಲವರು ಸಿಗುತ್ತಾರೆ. ಒಡಿಯಾ, ಬಂಗಾಳಿಗೆ ಯಾರು? ಎಷ್ಟೋ ಕಡೆ ದುಭಾಷಿಯಾಗಿ ಬರುವುದು ಕರೆತಂದ ಮೇಸ್ತ್ರಿಯೇ ಅಥವಾ ಅವನ ಕಡೆಯವನೇ. ಹೇಳಿಕೆ ಅಲ್ಲಿಗೇ ಕೆಟ್ಟಿತು.

ವಯಸ್ಸು. ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು. ಅವಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ. ಎರಡೂ ಸಿಗದಿದ್ದರೆ ಮಾತ್ರ ಮೂಳೆ ಪರೀಕ್ಷೆ, ಅದು ಆದೇಶವಾದ 15 ದಿನಗಳಲ್ಲಿ ಮುಗಿಯಬೇಕು. ಎಷ್ಟು ಪ್ರಕರಣಗಳಲ್ಲಿ ಶಾಲೆಗೆ ಫೋನನ್ನೂ ಮಾಡದೆ ಎಕ್ಸ್‌ರೇಗೆ ಕಳಿಸಿದರು ಎಂದು ಎಣಿಸಿ.

ಮನೆ ವಿಚಾರಣೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 17ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯುವಾಗ, ವೇಶ್ಯಾವಾಟಿಕೆಯಿಂದ ರಕ್ಷಿಸಿದವರನ್ನು ಮೂರು ವಾರಕ್ಕಿಂತ ಹೆಚ್ಚು ಅಭಿರಕ್ಷೆಯಲ್ಲಿ ಇಡುವಂತಿಲ್ಲ. ಮನೆಯವರಿಗೆ ಒಪ್ಪಿಸುವುದು ಕ್ಷೇಮವೇ ಎಂಬ ವರದಿ ಹೊರರಾಜ್ಯದಿಂದ ಟಪಾಲಿನಲ್ಲಿ ಬರಬೇಕು, ಗಡುವು ಮಾತ್ರ ಇಲ್ಲಿ ಓಡುತ್ತಿರುತ್ತದೆ. ಮಾರಿದವನು ಮನೆಯವನೇ ಆಗಿದ್ದರೆ ಈ ಒಂದು ಕಾಗದದ ಮೇಲೆ ಎಲ್ಲವೂ ನಿಂತಿರುತ್ತದೆ.

ಇಷ್ಟು ಹಾಳೆಗೆ ಇಳಿದ ಮೇಲೆ ಹಳೆಯ ನಮೂನೆಗಳನ್ನು ತೆರೆಯಿರಿ. ವಾಹನ ಬೇಕೆಂದವರಲ್ಲಿ ಯಾರಿಗೆ ಅದು ನಿಜವಾದ ಅಡಚಣೆ ಎಂಬುದು ಆಗ ಬೇರೆಯಾಗಿ ಕಾಣುತ್ತದೆ.

ಪ್ರಶ್ನೆ: ನಮ್ಮ ಕಡೆ ಲೈಂಗಿಕ ಶೋಷಣೆಗಿಂತ ಮಂಡಕ್ಕಿ ಭಟ್ಟಿ, ಇಟ್ಟಿಗೆ ಭಟ್ಟಿ, ತೋಟದ ಕೆಲಸಕ್ಕೆ ಮುಂಗಡ ಕೊಟ್ಟು ಕರೆತರುವುದು ಹೆಚ್ಚು. ಇದೂ ಕಳ್ಳಸಾಗಣೆಯ ಸಮೀಕ್ಷೆಯೊಳಗೆ ಬರುತ್ತದೆಯೇ?
ಓದುಗರು, ದಾವಣಗೆರೆ

ಉತ್ತರ: ಮುಂಗಡ ಕೊಟ್ಟದ್ದೆಲ್ಲ ಕಳ್ಳಸಾಗಣೆ ಆಗುವುದಿಲ್ಲ. ಮೋಸ, ಬೆದರಿಕೆ, ಬಲವಂತ ಅಥವಾ ಆಮಿಷದಿಂದ ಕರೆತಂದು ದುಡಿಸಿಕೊಂಡರೆ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ (ಹಳೆಯ ದಂಡ ಸಂಹಿತೆಯ 370) ದೈಹಿಕ ಶೋಷಣೆ, ಗುಲಾಮಗಿರಿ, ಭಿಕ್ಷಾಟನೆ ಎಲ್ಲವನ್ನೂ ಹಿಡಿಯುತ್ತದೆ. ಬಲಿಪಶು ಒಪ್ಪಿ ಬಂದಿದ್ದರೂ ಅಪರಾಧ ಇಲ್ಲವಾಗುವುದಿಲ್ಲ. ಸಾಲದ ಹೆಸರಿನಲ್ಲಿ ಹಿಡಿದಿಟ್ಟರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೂ ಸೇರಿಕೊಳ್ಳುತ್ತದೆ.

ಇಲ್ಲಿ ಉಪವಿಭಾಗಾಧಿಕಾರಿ, ತಹಶೀಲ್ದಾರ್, ಕಾರ್ಮಿಕ ಇಲಾಖೆ ಮೇಜಿಗೆ ಬರಲೇಬೇಕು. ಅವರಿಗೆ ಕೇಳಬೇಕಾದ್ದು ಎರಡೇ. ಜೀತದಿಂದ ಬಿಡುಗಡೆಯಾದರು ಎಂಬ ಪತ್ರ ಯಾವ ದಿನ ಕೈಗೆ ಸಿಕ್ಕಿತು? ಕೇಂದ್ರದ ಪುನರ್ವಸತಿ ಯೋಜನೆಯ ಪ್ರಕಾರ ಜಿಲ್ಲಾಧಿಕಾರಿಯ ಬಳಿ ಕನಿಷ್ಠ 10 ಲಕ್ಷ ರೂಪಾಯಿಯ ಕಾಯಂ ನಿಧಿ ಇರಬೇಕು, ಅದು ಇದೆಯೇ, ಕೊನೆಯ ಸಲ ಯಾವಾಗ ಅದರಿಂದ ತೆಗೆದರು? ಬಿಡುಗಡೆಯಾದವರಿಗೆ 30 ಸಾವಿರ ರೂಪಾಯಿವರೆಗಿನ ತಕ್ಷಣದ ನೆರವು ಅಲ್ಲಿಂದಲೇ ಬರಬೇಕು, ಅದಕ್ಕೆ ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ. ಪತ್ರ ಸಿಗದೆ ಊರಿಗೆ ಬಸ್ ಹತ್ತಿದ ಕುಟುಂಬಕ್ಕೆ ಆ ಹಣ ಬಹುಮಟ್ಟಿಗೆ ತಪ್ಪಿದಂತೆಯೇ.

ಇನ್ನೊಂದು ವಿಷಯ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ವಯಸ್ಕ ಗಂಡಸರನ್ನು ಆ ರಾತ್ರಿ ಎಲ್ಲಿ ಮಲಗಿಸುತ್ತೀರಿ? ಶಕ್ತಿ ಸದನ ಹೆಂಗಸರಿಗೆ, ಬಾಲಮಂದಿರ ಮಕ್ಕಳಿಗೆ. ಕುಟುಂಬವನ್ನು ಒಡೆಯದೆ ಒಂದೆಡೆ ಇಡಲು ರಜೆಯಲ್ಲಿರುವ ಹಾಸ್ಟೆಲ್ಲೋ ಸಮುದಾಯ ಭವನವೋ ಮೊದಲೇ ಗೊತ್ತು ಮಾಡಿಟ್ಟಿರಬೇಕು.

ಪ್ರಶ್ನೆ: ಪಾರಾಗಿ ಬಂದ ಹೆಂಗಸರನ್ನೇ ಕೇಳಿದರೆ ಸಂಸ್ಥೆಗಳ ಬಣ್ಣ ಬಯಲಾಗುವುದಿಲ್ಲವೇ? ಕೇಳಬಹುದೇ?
ಅಂಗನವಾಡಿ ಕಾರ್ಯಕರ್ತೆ, ಜಗಳೂರು

ಉತ್ತರ: ಕೇಳಬಹುದು, ಕೇಳಲೇಬೇಕು. ಆದರೆ ನಡೆದ ಘಟನೆಯ ಬಗ್ಗೆ ಒಂದು ಮಾತೂ ಕೇಳಬೇಡಿ. ಸಮೀಕ್ಷೆಗೆ ಅದು ಬೇಕಾಗಿಲ್ಲ, ಮತ್ತು ವಿಚಾರಣೆ ನಡೆಯುತ್ತಿದ್ದರೆ ನಿಮ್ಮ ಟಿಪ್ಪಣಿ ಪುಸ್ತಕವೇ ಎದುರು ಪಕ್ಷದ ವಕೀಲರ ಕೈಗೆ ಅಸ್ತ್ರವಾಗಬಹುದು. ‘ಯಾವಾಗ ಕಾಯಿಸಿದರು, ಏನು ಹೇಳದೆ ಬಿಟ್ಟರು, ಈಗ ಯಾರಾದರೂ ಫೋನ್ ಮಾಡುತ್ತಾರೆಯೇ’ ಎಂದು ಕೇಳಿದರೆ ಬೇಕಾದಷ್ಟು ಸಿಗುತ್ತದೆ. ವಸತಿಗೃಹದ ಮೇಲ್ವಿಚಾರಕಿ ಪಕ್ಕದಲ್ಲಿ ಕೂತಿರಬಾರದು. ಆ ದಿನದ ಕೂಲಿ, ಬಸ್ ಚಾರ್ಜು ಕೊಡಿ. ಹಳ್ಳಿಗೆ ನೀವೇ ಹೋದರೆ, ಜೀಪು ನಿಂತ ಮನೆ ಯಾವುದು ಎಂದು ಇಡೀ ಓಣಿಗೆ ಗೊತ್ತಾಗುತ್ತದೆ, ಹಾಗಾಗಿ ತಾಲ್ಲೂಕು ಕೇಂದ್ರದಲ್ಲಿ ಭೇಟಿಯಾಗುವುದು ವಾಸಿ.

ಮಕ್ಕಳಾದರೆ ಮಕ್ಕಳ ಕಲ್ಯಾಣ ಸಮಿತಿಯ ಲಿಖಿತ ಅನುಮತಿ ಇಲ್ಲದೆ ಹೋಗಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂಬ ಹೊಸ ಸಂಗತಿ ಮಾತಿನಲ್ಲಿ ಹೊರಬಿದ್ದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಟ್ಟು ಕೂತವರು ಇಲ್ಲಿ ಸಿಕ್ಕಿಬೀಳುತ್ತಾರೆ. ಈ ಮಿತಿಯನ್ನು ಮಾತು ಶುರುವಾಗುವ ಮೊದಲೇ ತಿಳಿಸಿ.

ಪ್ರಶ್ನೆ: ‘ನಮ್ಮಲ್ಲಿ ಕಳ್ಳಸಾಗಣೆ ಪ್ರಕರಣ ಶೂನ್ಯ’ ಎನ್ನುತ್ತಾರೆ. ಶೂನ್ಯ ಇರುವಲ್ಲಿ ಏನನ್ನು ಅಳೆಯುವುದು?
ಓದುಗರು, ಚಳ್ಳಕೆರೆ

ಉತ್ತರ: ಶೂನ್ಯ ಇರುವುದು ಕಾನೂನಿನ ಒಂದು ಕಲಮಿನ ಕೆಳಗೆ. ಕಾಣೆಯಾದವರ ವಹಿ, ಅಪಹರಣ, ಬಾಲ್ಯವಿವಾಹ, ಪೋಕ್ಸೊ, ಬಾಲಕಾರ್ಮಿಕ ದಾಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಬಂದ ಕರೆ ಇವುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಾಣೆಯಾದ ಮಗು ನಾಲ್ಕು ತಿಂಗಳಾದರೂ ಪತ್ತೆಯಾಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು ಎಂದು 2016ರ ಬಾಲನ್ಯಾಯ ಮಾದರಿ ನಿಯಮಗಳಲ್ಲಿದೆ. ಹಾಗೆ ಹೋದವೆಷ್ಟು, ಹೋಗದೆ ಉಳಿದವೆಷ್ಟು ಎಂಬ ಒಂದೇ ಲೆಕ್ಕ ಸಾಕು, ಶೂನ್ಯ ಎಷ್ಟು ಗಟ್ಟಿ ಎಂದು ಗೊತ್ತಾಗಲು.

ಪ್ರಶ್ನೆ: ತರಬೇತಿಗೆ ಎಷ್ಟು ದಿನ ಇಡಬೇಕು?
ಓದುಗರು, ಹರಿಹರ

ಉತ್ತರ: ಮೊದಲು ವರ್ಗಾವಣೆ ಪಟ್ಟಿ ನೋಡಿ. ತರಬೇತಿ ಪಡೆದವರು ಆ ಕುರ್ಚಿಯಲ್ಲೇ ಇಲ್ಲದಿದ್ದರೆ ಎಷ್ಟು ದಿನ ಇಟ್ಟರೂ ಅಷ್ಟೇ. ಠಾಣೆಯ ಗೋಡೆಗೆ ಅಂಟಿಸಬಹುದಾದ ಒಂದು ಹಾಳೆ ಮಾಡಿ: ಮಗು ಬಂದರೆ ಯಾರಿಗೆ, ಹೆಂಗಸು ಬಂದರೆ ಎಲ್ಲಿಗೆ, ಪರಿಹಾರದ ಅರ್ಜಿ ಯಾರು ಬರೆಯುತ್ತಾರೆ. ಜೊತೆಗೆ 1098, ಮಹಿಳಾ ಸಹಾಯವಾಣಿ 181, ಕಾನೂನು ನೆರವಿನ 15100. ಮೂರು ತಿಂಗಳಿಗೊಮ್ಮೆ ಸ್ಥಳೀಯ ನಂಬರುಗಳಿಗೆ ಫೋನ್ ಹಚ್ಚಿ ನೋಡುವ ಜವಾಬ್ದಾರಿ ಒಬ್ಬರಿಗೆ ಇರಲಿ.

ಪ್ರಶ್ನೆ: ವರದಿಯನ್ನು ಪತ್ರಿಕೆಗಳಿಗೆ ಕೊಡಬಹುದೇ?
ಮೊದಲ ಪ್ರಶ್ನೆ ಕೇಳಿದ ಸಂಯೋಜಕಿ, ಚಿತ್ರದುರ್ಗ

ಉತ್ತರ: ಎರಡು ಪ್ರತಿ ಮಾಡಿ. ಪ್ರಕರಣಗಳ ಹಾಳೆ ಇರುವ ಪ್ರತಿ ಜಿಲ್ಲಾಧಿಕಾರಿ ಮತ್ತು ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಮಾತ್ರ. ಹೊರಗಿನ ಪ್ರತಿಯಲ್ಲಿ ಹೆಸರು ತೆಗೆದರೆ ಸಾಲದು, ತಾಲ್ಲೂಕು, ತಿಂಗಳು, ಜಾತಿ, ಮಕ್ಕಳ ಸಂಖ್ಯೆಯನ್ನೂ ತೆಗೆಯಿರಿ. ಸಣ್ಣ ಊರಿನಲ್ಲಿ ಇವಿಷ್ಟು ಸೇರಿದರೆ ಯಾರ ಮನೆ ಎಂದು ತಿಳಿಯುತ್ತದೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಗುರುತು ಹಿಡಿಯಬಲ್ಲ ಯಾವ ವಿವರವನ್ನೂ ಬಿಡುವುದಿಲ್ಲ, ಶಾಲೆಯ ಹೆಸರನ್ನೂ ಸಹ. ವಸತಿಗೃಹದ ವಿಳಾಸ ಮತ್ತು ಗೇಟಿನ ಫೋಟೊ ಎರಡೂ ಪ್ರತಿಯಲ್ಲಿ ಬೇಡ.